3.5 ಸಿಸಿ ನೈಟ್ರೋ ಮರೀನ್ ಎಂಜಿನ್: ಮೂರು ವರ್ಷ ಓಡಿಸಿದ ಮೇಲೆ

ಮೂರು ವರ್ಷದಿಂದ ನನ್ನ ರಿಮೋಟ್ ದೋಣಿಯಲ್ಲಿ ಇದೇ ಎಂಜಿನ್ ಇದೆ; ಮೆಥನಾಲ್, ನೈಟ್ರೋಮೀಥೇನ್, ಎಣ್ಣೆ ಬೆರೆತ ನೈಟ್ರೋ ಇಂಧನದಲ್ಲಿ ಓಡುತ್ತದೆ. ನೀರು ಹರಿದು ತಣ್ಣಗಾಗುವ ಹೆಡ್ (ಸಿಲಿಂಡರ್‌ನ ಮೇಲ್ಭಾಗ), ಎರಡು ನೀಡಲ್ (ಇಂಧನದ ಹರಿವು ಹೊಂದಿಸುವ ಸ್ಕ್ರೂ; ಪೂರ್ತಿ ವೇಗಕ್ಕೆ ಮೇನ್, ನಿಧಾನ ಓಟಕ್ಕೆ ಲೋ) ಇರುವ ಕಾರ್ಬ್ಯುರೇಟರ್, ಟ್ಯೂನ್ಡ್ ಪೈಪ್ (ಶಕ್ತಿ ಹೆಚ್ಚಿಸುವ ಹಾಗೆ ಅಳತೆ ಹೊಂದಿಸಿದ ಹೊಗೆ ಕೊಳವೆ). ಶಕ್ತಿಯ ಬಗ್ಗೆ ನನಗೆ ದೂರೇ ಇಲ್ಲ. ಆದರೆ ಟ್ಯೂನಿಂಗ್, ಅಂದರೆ ಆ ನೀಡಲ್‌ಗಳನ್ನು ಸರಿಹೊಂದಿಸುವುದು, ಕೈಗೆ ಹತ್ತಲು ಒಂದು ವರ್ಷ ಬೇಕಾಯಿತು.

ಶುರುವಿನಲ್ಲಿ ದಡದಲ್ಲೇ ಸ್ಟ್ಯಾಂಡ್ ಮೇಲಿಟ್ಟು ಟ್ಯೂನ್ ಮಾಡುತ್ತಿದ್ದೆ. ಅಲ್ಲಿ ಚೆನ್ನಾಗಿ ಕೂಗುತ್ತಿತ್ತು. ನೀರಿಗೆ ಬಿಟ್ಟರೆ ಅರ್ಧ ಸುತ್ತಿಗೆ ನಿಂತುಬಿಡುತ್ತಿತ್ತು. ಗಾಳಿಯಲ್ಲಿ ತಿರುಗುವ ಪ್ರೊಪೆಲ್ಲರ್‌ಗೆ ಭಾರವೇ ಇರುವುದಿಲ್ಲ ಅಲ್ವಾ? ರೇಸ್ ಕೊಟ್ಟರೆ ಎಂಜಿನ್ ಮಿತಿಮೀರಿ ತಿರುಗುತ್ತದೆ, ಕನೆಕ್ಟಿಂಗ್ ರಾಡ್ ಮುರಿಯಲೂಬಹುದು. ಹೆಡ್‌ಗೆ ನೀರೂ ಹೋಗುವುದಿಲ್ಲ. ಹಾಗಾಗಿ ಈಗ ದಡದಲ್ಲಿ ಸ್ಟಾರ್ಟ್ ಮಾಡಿ ಐಡಲ್ (ರೇಸ್ ಕೊಡದಿರುವಾಗಿನ ನಿಧಾನ ಓಟ) ನೋಡುತ್ತೇನೆ, ಅಷ್ಟೇ. ಮೇನ್ ನೀಡಲ್ ಸರಿಯಾಗಿದೆಯೋ ಇಲ್ಲವೋ ನೀರಿನ ಮೇಲೆಯೇ ಗೊತ್ತಾಗಬೇಕು.

ನೀಡಲ್ ಸ್ವಲ್ಪ ಜಾಸ್ತಿಯೇ ತೆರೆದು, ಅಂದರೆ ಇಂಧನ ಜಾಸ್ತಿ ಹೋಗುವ ಹಾಗೆ ರಿಚ್ ಆಗಿಟ್ಟು, ದೋಣಿ ಬಿಡುತ್ತೇನೆ. ಹೊಗೆ ದಟ್ಟವಾಗಿರುತ್ತದೆ, ಸದ್ದು ಗಂಟಲು ಕಟ್ಟಿದ ಹಾಗೆ ಇರುತ್ತದೆ. ಎರಡು ಸುತ್ತು ಫುಲ್ ಥ್ರಾಟಲ್, ಮತ್ತೆ ದಡಕ್ಕೆ. ನೀಡಲನ್ನು ಎಂಟನೇ ಒಂದು ಸುತ್ತು ಮುಚ್ಚಿ ಮತ್ತೆ ಬಿಡುತ್ತೇನೆ. ಒಂದು ಹಂತದಲ್ಲಿ ಪೈಪ್ ಹಿಡಿಯುತ್ತದೆ, ಅಂದರೆ ಟ್ಯೂನ್ಡ್ ಪೈಪ್ ತನ್ನ ಕೆಲಸ ಶುರು ಮಾಡುತ್ತದೆ, ಸದ್ದು ತಟ್ಟನೆ ತೆಳುವಾಗಿ ಏರುತ್ತದೆ. ಆ ಸದ್ದು ಕೇಳಿದರೆ ಈಗಲೂ ಮೈ ಜುಮ್ ಎನ್ನುತ್ತದೆ! ಅಲ್ಲಿಗೆ ಕೈ ಬಿಡಬೇಕು. ಇನ್ನೂ ಮುಚ್ಚಿದರೆ ಲೀನ್ ಆಗುತ್ತದೆ, ಅಂದರೆ ಇಂಧನ ಸಾಲದಾಗುತ್ತದೆ. ನೇರ ಓಟದ ಕೊನೆಯಲ್ಲಿ ಸದ್ದು ಕುಸಿಯುತ್ತದೆ, ಹೊಗೆ ಮಾಯವಾಗುತ್ತದೆ. ಎಣ್ಣೆ ಬರುವುದು ಇಂಧನದ ಜೊತೆಗೇ ಆದ್ದರಿಂದ, ಇಂಧನ ಕಮ್ಮಿಯಾದರೆ ಪಿಸ್ಟನ್‌ಗೆ ಎಣ್ಣೆಯೂ ಕಮ್ಮಿ. ಅಲೆ ಮೇಲೆ ಹಾರಿದಾಗ ಪ್ರೊಪೆಲ್ಲರ್ ನೀರು ಬಿಟ್ಟು ರೇಸ್ ಏರುವುದೂ ಇದೆಯಲ್ಲ, ಅದಕ್ಕೇ ನಾನು ಯಾವಾಗಲೂ ಒಂದಿಷ್ಟು ರಿಚ್ ಆಗಿಯೇ ಇಡುತ್ತೇನೆ.

ಲೋ ನೀಡಲ್‌ಗೆ ಬೇರೆ ಪರೀಕ್ಷೆ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿರುವಾಗ ಕಾರ್ಬ್ಯುರೇಟರ್ ಹತ್ತಿರ ಇಂಧನದ ಟ್ಯೂಬನ್ನು ಬೆರಳಲ್ಲಿ ಒತ್ತಿ ಹಿಡಿಯುತ್ತೇನೆ. ಎರಡು ಮೂರು ಸೆಕೆಂಡ್ ಓಡಿ, ರೇಸ್ ಕೊಂಚ ಏರಿ ನಿಂತರೆ ಸರಿ. ಒತ್ತಿದ ಕೂಡಲೇ ನಿಂತರೆ ಲೀನ್. ಏರುತ್ತಾ ತುಂಬಾ ಹೊತ್ತು ಓಡಿದರೆ ರಿಚ್.

ಎರಡನೇ ವರ್ಷ ಒಂದು ತಿಂಗಳು ನನಗೆ ತಲೆ ಕೆಟ್ಟುಹೋಗಿತ್ತು. ಬೆಳಿಗ್ಗೆ ಕೂರಿಸಿದ ಟ್ಯೂನ್ ಮಧ್ಯಾಹ್ನಕ್ಕೆ ಇಲ್ಲ. ಪ್ಲಗ್ ಬದಲಿಸಿದೆ, ನೀಡಲ್ ತಿರುಗಿಸಿ ತಿರುಗಿಸಿ ಸಾಕಾಯಿತು. ಕೊನೆಗೆ ಇಂಧನದ ಟ್ಯೂಬ್ ಬಿಚ್ಚಿ, ಒಂದು ತುದಿ ಮುಚ್ಚಿ, ನೀರಿನ ಬಟ್ಟಲಿನಲ್ಲಿ ಮುಳುಗಿಸಿ ಊದಿದೆ. ಸಾಸಿವೆಯಷ್ಟು ದಪ್ಪದ ಗುಳ್ಳೆಗಳು ಒಂದರ ಹಿಂದೆ ಒಂದು ಎದ್ದವು. ದೋಣಿಯ ಗೋಡೆಗೆ ಉಜ್ಜಿ ಟ್ಯೂಬ್‌ನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಅಲ್ಲಿಂದ ಗಾಳಿ ಸೇರುತ್ತಿತ್ತು. ಹೊಸ ಟ್ಯೂಬ್ ಹಾಕಿದೆ, ಟ್ಯೂನ್ ನಿಂತಿತು. ಈಗ ನೀಡಲ್ ಮುಟ್ಟುವ ಮೊದಲು ಟ್ಯೂಬ್ ನೋಡುತ್ತೇನೆ.

ಎಂಜಿನ್ ಮೇಲೆ ನನ್ನ ನಿಜವಾದ ದೂರು ಒಂದೇ. ಲೋ ನೀಡಲ್‌ನ ಓ-ರಿಂಗ್ (ಅದನ್ನು ಬಿಗಿಯಾಗಿ ಹಿಡಿಯುವ ರಬ್ಬರ್ ಬಳೆ) ಬೇಗ ಸವೆಯುತ್ತದೆ, ಆಮೇಲೆ ನಡುಕಕ್ಕೆ ನೀಡಲ್ ತಾನೇ ಜರುಗುತ್ತದೆ. ಎರಡು ಸಲ ಬದಲಿಸಿದ್ದೇನೆ. ಬೇರಿಂಗ್ ಕೆಟ್ಟಿದ್ದು ಮಾತ್ರ ನನ್ನ ತಪ್ಪಿನಿಂದ. ದೋಣಿ ಮಗುಚಿ ಒಳಗೆ ನೀರು ಹೋದ ದಿನ ಎಣ್ಣೆ ಬಿಡದೆ ಹಾಗೇ ಎತ್ತಿಟ್ಟಿದ್ದೆ, ತುಕ್ಕು ಹಿಡಿಯಿತು. ಈಗ ಪ್ರತಿ ಸಲವೂ ಟ್ಯಾಂಕ್ ಖಾಲಿ ಮಾಡಿ, ಉಳಿದ ಇಂಧನ ಸುಡುವವರೆಗೆ ಓಡಿಸಿ, ಎಣ್ಣೆ ಹನಿಸಿ ಕೈಯಲ್ಲಿ ತಿರುಗಿಸಿಡುತ್ತೇನೆ. ಇಂಧನದ ಬಾಟಲಿಯ ಮುಚ್ಚಳವನ್ನೂ ಕೂಡಲೇ ಬಿಗಿ ಮಾಡುತ್ತೇನೆ, ಮೆಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ಹೊಸದರಲ್ಲಿ ತಣ್ಣಗಿರುವಾಗ ಪಿಸ್ಟನ್ ಮೇಲ್ತುದಿಗೆ ಬಂದರೆ ಗಟ್ಟಿಯಾಗಿ ಕಚ್ಚಿ ಹಿಡಿಯುತ್ತಿತ್ತು. ಈಗ ಆ ಬಿಗಿ ಸಡಿಲವಾಗಿದೆ, ಬಿಸಿಯಾದ ಮೇಲೆ ಮತ್ತೆ ಸ್ಟಾರ್ಟ್ ಮಾಡಲು ಕಷ್ಟವಾಗುತ್ತಿದೆ. ಪಿಸ್ಟನ್ ಮತ್ತು ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ) ಹೊಸ ಸೆಟ್ ತರಿಸಿದ್ದೇನೆ, ಇದೇ ಎಂಜಿನ್‌ಗೆ.