ಹಳೆಯ ಜಿಎಂಸಿ ಮೋಟಾರ್‌ಹೋಮ್‌ಗೆ ಎಲೆಕ್ಟ್ರಿಕ್ ಇಂಧನ ಪಂಪು: ಹಲವು ವರ್ಷಗಳ ಬಳಕೆಯ ನಂತರದ ಅಭಿಪ್ರಾಯ

ನಮ್ಮ 1976ರ ಮಾದರಿಯ 26 ಅಡಿ ಉದ್ದದ, ಒಳಗೇ ವಾಸಿಸಬಹುದಾದ ಜಿಎಂಸಿ ಮೋಟಾರ್‌ಹೋಮ್‌ಗೆ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಇಂಧನ ಪಂಪನ್ನು ಅಳವಡಿಸಿ ಹಲವು ವರ್ಷಗಳಾಗಿವೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಇಂಥ ಹಳೆಯ ಗಾಡಿಗಳನ್ನು ಕೊಳ್ಳಲು ಆಲೋಚಿಸುತ್ತಿರುವವರಿಗೆ ಉಪಯೋಗವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪಂಪು ಒಳ್ಳೆಯದೇ, ಕೊಳ್ಳಬಹುದು. ಆದರೆ ಅದನ್ನು ಎಲ್ಲಿ ಕೂರಿಸುತ್ತೀರಿ ಮತ್ತು ಅದಕ್ಕೂ ಮೊದಲು ಏನನ್ನು ಸರಿಪಡಿಸುತ್ತೀರಿ ಎಂಬುದರ ಮೇಲೆಯೇ ಅದರ ಪ್ರಯೋಜನವೆಲ್ಲ ನಿಂತಿದೆ.

1973ರಿಂದ 1978ರವರೆಗೆ ತಯಾರಾದ ಈ ಮೋಟಾರ್‌ಹೋಮ್‌ನಲ್ಲಿ ಮುಂದಿನ ಚಕ್ರಗಳನ್ನು ತಿರುಗಿಸುವ ಓಲ್ಡ್ಸ್‌ಮೊಬಿಲ್ ವಿ8 ಎಂಜಿನ್, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ರೋಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬುರೇಟರ್ ಮತ್ತು ಎರಡು ಪೆಟ್ರೋಲ್ ಟ್ಯಾಂಕುಗಳಿವೆ. ಎಂಜಿನ್ನಿಗೆ ಅಂಟಿಕೊಂಡಿರುವ ಯಾಂತ್ರಿಕ ಪಂಪು ಗಾಡಿಯ ನಡುಭಾಗದಲ್ಲಿರುವ ಟ್ಯಾಂಕುಗಳಿಂದ ಪೆಟ್ರೋಲನ್ನು ಮುಂದಕ್ಕೆ ಎಳೆದುಕೊಳ್ಳಬೇಕು. ಎಳೆಯುವಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಷ್ಟೂ ಪೆಟ್ರೋಲ್ ಬೇಗ ಕುದಿಯುತ್ತದೆ, ಮತ್ತು ಆವಿ ತುಂಬಿದ ಪೈಪಿನಿಂದ ಯಾಂತ್ರಿಕ ಪಂಪು ಏನನ್ನೂ ಎತ್ತಲಾರದು. ಇದನ್ನೇ ವೇಪರ್ ಲಾಕ್ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯ ಬಿಸಿಲಿನಿಂದ ಹೊರಟು, ಸುಮಾರು 2,200 ಮೀಟರ್ ಎತ್ತರದ ಡಾನರ್ ಕಣಿವೆದಾರಿಯನ್ನು ಏರುವಾಗ ಎಂಜಿನ್ನಿನ ಶಾಖ ಹೆಚ್ಚುತ್ತಾ ಹೋಗುತ್ತದೆ, ಗಾಳಿಯ ಒತ್ತಡ ಕಡಿಮೆಯಾಗುತ್ತಾ ಹೋಗುತ್ತದೆ. ಎರಡೂ ಸೇರಿ ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸುತ್ತವೆ. ಚಳಿಗಾಲಕ್ಕೆಂದು ಸುಲಭವಾಗಿ ಆವಿಯಾಗುವಂತೆ ಬೆರೆಸಿದ ಪೆಟ್ರೋಲ್ ಟ್ಯಾಂಕಿನಲ್ಲಿ ಉಳಿದಿರುವಾಗಲೇ ವಸಂತದಲ್ಲಿ ಒಂದು ಬಿಸಿ ದಿನ ಬಂದರೆ, ನಡುಬೇಸಿಗೆಗಿಂತ ಹೆಚ್ಚು ತೊಂದರೆಯಾಗುತ್ತದೆ.

ಆದರೂ ಸ್ಟಾರ್ಟ್ ಆಗದ ಗಾಡಿಗೆಲ್ಲ ಪಂಪೇ ಮದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕೀಲಿ ತಿರುಗಿಸಿದಾಗ ಟಕ್ ಎಂಬ ಸದ್ದು ಮಾತ್ರ ಬಂದು ಎಂಜಿನ್ ತಿರುಗದಿದ್ದರೆ, ಅಥವಾ ಬಹಳ ನಿಧಾನವಾಗಿ ತಿರುಗಿದರೆ, ಅದು ಬ್ಯಾಟರಿ, ಕೇಬಲ್, ಅರ್ಥ್ ಸಂಪರ್ಕ ಅಥವಾ ಎಕ್ಸಾಸ್ಟ್ ಪೈಪಿನ ಶಾಖಕ್ಕೆ ಕಾದ ಸ್ಟಾರ್ಟರ್‌ನ ದೋಷ; ಪೆಟ್ರೋಲಿಗೂ ಅದಕ್ಕೂ ಸಂಬಂಧವಿಲ್ಲ. ಎಂಜಿನ್ ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಮಾತ್ರ ಮುಂದಿನ ಹೆಜ್ಜೆ. ಎಂಜಿನ್ ನಿಂತಿರುವಾಗ ಏರ್ ಕ್ಲೀನರ್ ತೆಗೆದು, ಕಾರ್ಬುರೇಟರಿನ ಬಾಯೊಳಗೆ ನೋಡುತ್ತಾ ಥ್ರಾಟಲನ್ನು ಕೈಯಿಂದ ಎಳೆಯಬೇಕು. ಪೆಟ್ರೋಲ್ ಚಿಮ್ಮಿದರೆ ಕಾರ್ಬುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ ಇಂಧನವಿದೆ, ಆಗ ಕಿಡಿಯನ್ನು, ಚೋಕನ್ನು ಪರೀಕ್ಷಿಸಬೇಕು. ಚಿಮ್ಮದಿದ್ದರೆ ಸಾಮಾನ್ಯವಾಗಿ ಬಟ್ಟಲು ಒಣಗಿದೆ ಎಂದರ್ಥ. ಹಣವಿಲ್ಲದೆ, ಉಪಕರಣವಿಲ್ಲದೆ ಮಾಡಬಹುದಾದ ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಬಿಡಿಭಾಗ ಬದಲಾಯಿಸಲು ಹೊರಡುವ ಮೆಕ್ಯಾನಿಕ್ಕರನ್ನು ನಾನು ನಂಬುವುದಿಲ್ಲ.

ಬಟ್ಟಲು ಒಣಗಿದೆ ಎಂದು ಖಚಿತವಾದ ಮೇಲೂ ಮೊದಲು ನೋಡಬೇಕಾದದ್ದು ರಬ್ಬರ್ ಹೋಸುಗಳನ್ನು. ಎಪ್ಪತ್ತರ ದಶಕದ ರಬ್ಬರು ಇಂದಿನ ಎಥೆನಾಲ್ ಬೆರೆತ ಪೆಟ್ರೋಲಿಗಾಗಿ ತಯಾರಾದದ್ದಲ್ಲ. ಎಳೆಯುವ ಬದಿಯ ಹೋಸಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಪೆಟ್ರೋಲ್ ಹೊರಗೆ ಸೋರದೆಯೇ ಗಾಳಿ ಒಳಗೆ ನುಗ್ಗಬಹುದು. ನೆಲದ ಮೇಲೆ ಒಂದು ಹನಿಯೂ ಕಾಣದಿರುವುದರಿಂದ ಎಲ್ಲರೂ ಪಂಪನ್ನೇ ದೂರುತ್ತಾರೆ. ಟ್ಯಾಂಕುಗಳ ಮೇಲ್ಭಾಗದ ಹೋಸುಗಳನ್ನು ಬದಲಾಯಿಸಲು ಟ್ಯಾಂಕುಗಳನ್ನೇ ಕೆಳಗಿಳಿಸಬೇಕಾದ್ದರಿಂದ ಈ ಕೆಲಸಕ್ಕೆ ಕೂಲಿ ಹೆಚ್ಚು, ಆದರೂ ನಾವು ಗಾಡಿಗೆ ಖರ್ಚು ಮಾಡಿದ ಹಣದಲ್ಲಿ ಅತ್ಯಂತ ಸಾರ್ಥಕವಾದದ್ದು ಅದೇ. ಎಥೆನಾಲ್ ತಡೆಯುವ ದರ್ಜೆಯ ಹೋಸನ್ನೇ ಕೇಳಿ ಕೊಳ್ಳಬೇಕು.

ಇನ್ನು ಪಂಪಿನ ವಿಷಯ. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸುವ ವಾಲ್ವಿನ ಪಕ್ಕದಲ್ಲೇ, ತಗ್ಗಿನಲ್ಲಿ, ಎಕ್ಸಾಸ್ಟಿನಿಂದ ದೂರವಾಗಿ ಅದನ್ನು ಕೂರಿಸಿದ್ದೇವೆ. ಹೀಗಾಗಿ ಎಳೆಯುವ ದಾರಿ ಮೊಳದುದ್ದಕ್ಕೆ ಇಳಿದು, ಉಳಿದ ದಾರಿಯುದ್ದಕ್ಕೂ ಪೆಟ್ರೋಲ್ ಒತ್ತಡದಲ್ಲಿ ಮುಂದೆ ಸಾಗುತ್ತದೆ. ಅಂದಿನಿಂದ ಏರುದಾರಿಯಲ್ಲಿ ಗಾಡಿ ನಿಂತಿಲ್ಲ. ಚಳಿಗಾಲವಿಡೀ ನಿಲ್ಲಿಸಿಟ್ಟ ಗಾಡಿಯಲ್ಲಿ ಕಾರ್ಬುರೇಟರಿನ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ. ಹಿಂದೆ ಅದು ತುಂಬುವವರೆಗೂ ಬ್ಯಾಟರಿ ಸೋಲುವಷ್ಟು ತಿರುಗಿಸಬೇಕಾಗಿತ್ತು, ಈಗ ಎಂಜಿನ್ ಚಾಲೂ ಆಗುವ ಮೊದಲೇ ಪಂಪನ್ನು ಓಡಿಸುವ ಪ್ರೈಮ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಕೀಲಿ ತಿರುಗಿಸಿದರೆ ಸಾಕು. ವೇಪರ್ ಲಾಕ್ ವರ್ಷಕ್ಕೆ ಎಲ್ಲೋ ಕೆಲವು ದಿನ ಕಾಡುವ ತೊಂದರೆ. ಈ ಅನುಕೂಲ ಮಾತ್ರ ದೀರ್ಘಕಾಲ ನಿಲ್ಲಿಸಿದ ಮೇಲೆ ಪ್ರತಿ ಬಾರಿಯೂ ಸಿಗುತ್ತದೆ.

ಸುರಕ್ಷತೆಯ ವಿಷಯದಲ್ಲಿ ಎರಡನ್ನು ಯಾವ ಕಾರಣಕ್ಕೂ ಕಡೆಗಣಿಸಬಾರದು. ಪಂಪಿಗೆ ಕರೆಂಟು ರಿಲೇ (ಕರೆಂಟಿನಿಂದಲೇ ಕೆಲಸ ಮಾಡುವ ಸ್ವಿಚ್ಚು) ಮೂಲಕ, ಎಂಜಿನ್ ನಿಂತು ಆಯಿಲ್ ಒತ್ತಡ ಇಳಿದರೆ ಕರೆಂಟು ಕಡಿಯುವ ಸ್ವಿಚ್ಚಿನ ಅಂಕೆಯಲ್ಲಿ ಬರಬೇಕು. ಅಪಘಾತದಲ್ಲಿ ಎಂಜಿನ್ ನಿಂತರೂ ಪಂಪು ಓಡುತ್ತಲೇ ಇದ್ದರೆ ಮುರಿದ ಪೈಪಿನಿಂದ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮತ್ತೊಂದು, ಹಳೆಯ ಯಾಂತ್ರಿಕ ಪಂಪನ್ನು ಹಾಗೆಯೇ ಬಿಟ್ಟು ಅದರ ಮೂಲಕ ಹೊಸ ಪಂಪು ತಳ್ಳುವಂತೆ ಮಾಡಿದರೆ, ಹಳೆಯದರೊಳಗಿನ ತೆಳು ಪೊರೆ (ಡಯಾಫ್ರಾಮ್) ಹರಿದ ದಿನ ಪೆಟ್ರೋಲ್ ಸೀದಾ ಎಂಜಿನ್ ಆಯಿಲಿಗೆ ಸೇರಬಹುದು. ನಾವು ಅದನ್ನು ಕಳಚಿ, ಆ ಜಾಗಕ್ಕೆ ಮುಚ್ಚುತಟ್ಟೆ ಹಾಕಿಸಿದ್ದೇವೆ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಚಾಲೂ ಮಾಡಲೇಬಾರದು.

ಕೊರತೆಗಳೂ ಇವೆ. ಗಾಡಿ ನಿಂತಿದ್ದು ಎಂಜಿನ್ ಓಡುತ್ತಿರುವಾಗ ಪಂಪಿನ ಟಿಕ್ ಟಿಕ್ ಸದ್ದು ಹಿಂದಿನ ಹಾಸಿಗೆಯವರೆಗೂ ಕೇಳುತ್ತದೆ, ರಬ್ಬರ್ ಬುಷ್ ಹಾಕಿದರೂ ಪೂರ್ತಿ ಅಡಗುವುದಿಲ್ಲ. ಟ್ಯಾಂಕಿನ ತುಕ್ಕು ಪಂಪಿನ ಮುಂಚಿನ ಫಿಲ್ಟರಿನಲ್ಲಿ ಕಟ್ಟಿಕೊಂಡು ಏರಿನಲ್ಲಿ ಶಕ್ತಿ ಕುಗ್ಗಿದ್ದೂ ಉಂಟು. ಅದು ವೇಪರ್ ಲಾಕ್‌ನಂತೆಯೇ ತೋರುತ್ತದೆ, ಆದರೆ ತಂಪು ಮುಂಜಾವಿನಲ್ಲೂ ಬಿಡದೆ ಕಾಡುವುದರಿಂದ ಬೇರೆಯೆಂದು ತಿಳಿಯುತ್ತದೆ. ಕ್ವಾಡ್ರಾಜೆಟ್‌ನ ಒಳಬಾಯಲ್ಲಿ ಅಡಗಿರುವ ಪುಟ್ಟ ಫಿಲ್ಟರನ್ನೂ ಆಗಲೇ ಬದಲಾಯಿಸಬೇಕು. ಕೊಳ್ಳುವಾಗ ಪಂಪಿನ ಒತ್ತಡ 4ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒಳಗಿದೆಯೇ ಎಂದು ನೋಡಿಕೊಳ್ಳಿ. ಫ್ಯೂಯಲ್ ಇಂಜೆಕ್ಷನ್ ಗಾಡಿಗಳ ಪಂಪನ್ನು ನೇರವಾಗಿ ಜೋಡಿಸಿದರೆ ಬಟ್ಟಲು ತುಂಬಿದಾಗ ಪೆಟ್ರೋಲಿನ ದಾರಿ ಮುಚ್ಚುವ ಫ್ಲೋಟಿನ ಸೂಜಿ ಆ ಹೆಚ್ಚಿನ ಒತ್ತಡವನ್ನು ತಡೆಯಲಾರದೆ ಬಿಸಿ ಎಂಜಿನ್ನಿನ ಮೇಲೆಯೇ ಪೆಟ್ರೋಲ್ ಉಕ್ಕುತ್ತದೆ. ಸದ್ದಿಗಾಗಿ ಒಂದು ಅಂಕ ಕಳೆದು, ಐದರಲ್ಲಿ ನಾಲ್ಕು ಕೊಡುತ್ತೇನೆ.