ಆರ್‌ಸಿ ಕಾರಿಗೆ ಸ್ಕ್ರೂ ಡಬ್ಬಿ: ಎಂ3 ಪರವಾಗಿಲ್ಲ, ಆಲನ್ ಕೀ ಬೇಡ

ಆರ್‌ಸಿ ಕಾರಿಗೆ, ಅಂದರೆ ರಿಮೋಟ್‌ನಲ್ಲಿ ಓಡಿಸುವ ಕಾರಿಗೆ, ಎಂ2ರಿಂದ ಎಂ4ರವರೆಗೆ ಸ್ಕ್ರೂ, ನಟ್ ಎಲ್ಲ ತುಂಬಿಟ್ಟ ಪ್ಲಾಸ್ಟಿಕ್ ಡಬ್ಬಿ ಇದು. ಆನ್‌ಲೈನ್‌ನಲ್ಲಿ ತರಿಸಿದೆ, ಬ್ರ್ಯಾಂಡ್ ಹೆಸರು ಹೇಳುವಂಥದ್ದೇನಲ್ಲ. ನನ್ನ 1:10 ಬಗ್ಗಿಯಲ್ಲಿ (ನಿಜವಾದ ಗಾಡಿಯ ಹತ್ತನೇ ಒಂದು ಅಳತೆಯ ಕಾರು) ಮುಕ್ಕಾಲು ಪಾಲು ಸ್ಕ್ರೂ ಎಂ3. ಆ ಲೆಕ್ಕದಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಎಂ3 ಅಂದರೆ ಥ್ರೆಡ್‌ನ ಹೊರಗಿನ ಅಗಲ 3 ಮಿ.ಮೀ. ಕ್ಯಾಲಿಪರ್ ಇಟ್ಟರೆ 2.9 ಚಿಲ್ಲರೆ ಬರುತ್ತದೆ. ಗಾಬರಿ ಬೇಡ, ಸ್ಕ್ರೂ ಯಾವಾಗಲೂ ಹೆಸರಿಗಿಂತ ಕೂದಲೆಳೆಯಷ್ಟು ಸಣ್ಣಗಿರುತ್ತದೆ. ಒಂದು ಸುತ್ತು ತಿರುಗಿಸಿದರೆ 0.5 ಮಿ.ಮೀ. ಒಳಗೆ ಹೋಗಬೇಕು, ಅದು ಪಿಚ್. ಎಂ2.5ಕ್ಕೆ 0.45, ಎಂ4ಕ್ಕೆ 0.7. ಇದರಲ್ಲಿ ಬಂದ ಎಂ3 ಸ್ಕ್ರೂಗಳು ನಟ್ ಒಳಗೆ ಬೆರಳಲ್ಲೇ ಕೊನೆತನಕ ತಿರುಗುತ್ತವೆ.

ನಿಮ್ಮದು ಹಳೇ ಅಮೆರಿಕನ್ ಕಾರಾದರೆ ಹುಷಾರು. ಅವುಗಳಲ್ಲಿ 4-40 ಸ್ಕ್ರೂ ಇರುವುದು ಮಾಮೂಲು: ಇಂಚಿಗೆ 40 ಥ್ರೆಡ್, ಅಗಲ ಸುಮಾರು 2.84 ಮಿ.ಮೀ. ನೋಡಿದರೆ ಎಂ3 ಅಂತಲೇ ಅನಿಸುತ್ತದೆ. ನಟ್ ಒಂದೆರಡು ಸುತ್ತು ಹೋಗಿ ಬಿಗಿಯಾದರೆ ಅಲ್ಲಿಗೇ ಬಿಟ್ಟುಬಿಡಿ. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಎರಡರ ಥ್ರೆಡ್ಡೂ ಹೋಯಿತು. ಜಪಾನಿನ ತಮಿಯಾ ಕಂಪನಿಯ ಕಾರಿನವರಿಗೆ 2.6 ಮಿ.ಮೀ. ಸ್ಕ್ರೂ ಕೂಡ ಬೇಕಾಗುತ್ತದೆ. ಈ ಡಬ್ಬಿಯಲ್ಲಿ ಅದಿಲ್ಲ, 4-40 ಕೂಡ ಇಲ್ಲ.

ಉದ್ದದ ಲೇಬಲ್ ಸರಿಯಾಗಿದೆ. ಚಪ್ಪಟೆ ತಲೆಯ ಸಿಎಸ್‌ಕೆ, ಅಂದರೆ ಕೌಂಟರ್‌ಸಂಕ್ ಸ್ಕ್ರೂಗೆ (ಆರ್‌ಸಿಬಿಯವರು ಕ್ಷಮಿಸಿ) ತಲೆಯನ್ನೂ ಸೇರಿಸಿ ಅಳೆಯುತ್ತಾರೆ, ಬೇರೆಯವಕ್ಕೆ ತಲೆಯ ಕೆಳಗಿನಿಂದ. ಮೋಟರ್ ಕೂರಿಸುವಾಗ ಇದನ್ನು ನೋಡಲೇಬೇಕು. ಅಲ್ಲಿಗೂ ಎಂ3 ತಾನೇ ಅಂತ ಕೈಗೆ ಸಿಕ್ಕ 12 ಮಿ.ಮೀ. ಸ್ಕ್ರೂ ಹಾಕಿದರೆ ತುದಿ ಒಳಗಿನ ವೈಂಡಿಂಗ್‌ಗೆ (ತಂತಿಯ ಸುರುಳಿ) ತಾಗಬಹುದು. ಆಮೇಲೆ ಹೊಸ ಮೋಟರೇ ಗತಿ.

ಈಗ ಬೈಗುಳ. ಜೊತೆಗೆ ಕೊಟ್ಟ ಆಲನ್ ಕೀಗಳು (ಸ್ಕ್ರೂ ತಿರುಗಿಸುವ ಆರು ಮೂಲೆಯ ಕಡ್ಡಿ) ಬೆಣ್ಣೆಯಷ್ಟು ಮೆತ್ತಗೆ. ಎತ್ತರದ ತಲೆಯ ಎಂ3 ಕ್ಯಾಪ್ ಹೆಡ್‌ಗೆ 2.5 ಮಿ.ಮೀ. ಕೀ, ಗುಂಡು ತಲೆಯ ಬಟನ್ ಹೆಡ್‌ಗೂ ಸಿಎಸ್‌ಕೆಗೂ 2 ಮಿ.ಮೀ. ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಚ್ಚುವ ಅಂಟು) ಹಾಕಿದ್ದ ಸ್ಕ್ರೂ ಬಿಚ್ಚಲು ಹೋದಾಗ ಆ 2 ಮಿ.ಮೀ. ಕೀಯ ಮೂಲೆಗಳೇ ಸವೆದುಹೋದವು. ಒಳ್ಳೆಯ ಡ್ರೈವರ್ ಬೇರೆಯಾಗಿ ಕೊಳ್ಳಿ, ಇಲ್ಲಿ ಜಿಪುಣತನ ಬೇಡ. ಇನ್ನೊಂದು, ಮುಚ್ಚಳ ಬಿಗಿಯಾಗಿ ಕೂರುವುದಿಲ್ಲ. ಬ್ಯಾಗಿನಲ್ಲಿ ಡಬ್ಬಿ ಅಡ್ಡ ಆದರೆ ಎಂ2.5 ಎಲ್ಲ ಎಂ3 ಮನೆಗೆ ಹೋಗಿ ಸೇರಿಕೊಳ್ಳುತ್ತವೆ. ಆರಿಸುತ್ತಾ ಕೂತರೆ ಭಾನುವಾರ ಮುಗೀತು.

ಚಕ್ರಕ್ಕೆ ಹಾಕುವ ಎಂ4 ನೈಲಾಕ್ ನಟ್‌ಗಳು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಮಾತ್ರ ಚೆನ್ನಾಗಿವೆ, 7 ಮಿ.ಮೀ. ಸ್ಪ್ಯಾನರ್‌ಗೆ ಸರಿಯಾಗಿ ಕೂರುತ್ತವೆ. ಪದೇಪದೇ ಬಿಚ್ಚಿ ಹಾಕಿದರೆ ಒಳಗಿನ ನೈಲಾನ್ ಸಡಿಲ ಆಗುತ್ತದಲ್ವಾ, ಅದಕ್ಕೆ ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಬೆಂಗಳೂರಿನಲ್ಲಿದ್ದು ಒಂದೇ ಅಳತೆ ಬೇಕಿದ್ದರೆ ಈ ಡಬ್ಬಿ ಸುಮ್ನೆ ಖರ್ಚು. ಹಳೇ ಸ್ಕ್ರೂ ಒಂದನ್ನು ಜೇಬಿಗೆ ಹಾಕಿಕೊಂಡು ಎಸ್‌ಪಿ ರೋಡ್ ಕಡೆ ಹೋಗಿ, ಬಿಡಿಯಾಗಿ ಎಣಿಸಿ ಕೊಡುತ್ತಾರೆ.