ಬಡಾವಣೆಯ ಯುವಜನರ ಜೊತೆ ನಿಲ್ಲುವ ಕ್ರೈಸ್ತ ಸಮುದಾಯ ಸೇವೆ: ಒಂದು ವಿಮರ್ಶೆ

ನಗರದ ಜನನಿಬಿಡ ಬಡಾವಣೆಗಳಲ್ಲಿ ಚರ್ಚುಗಳೂ ಕ್ರೈಸ್ತ ಸಂಸ್ಥೆಗಳೂ ಯುವಜನರಿಗಾಗಿ ಮತ್ತು ಅವರ ಕುಟುಂಬಗಳಿಗಾಗಿ ನಡೆಸುವ ಸೇವೆ ಹೊರಗಿನಿಂದ ನೋಡುವವರಿಗೆ ಕಾರ್ಯಕ್ರಮಗಳ ಒಂದು ಪಟ್ಟಿಯಂತೆ ಕಾಣುತ್ತದೆ. ಶಾಲೆ ಬಿಟ್ಟ ಮೇಲೆ ಪಾಠ, ಸಂಜೆಯ ಆಟ, ಸಂಗೀತ, ಪೋಷಕರಿಗೆ ಆಪ್ತಸಮಾಲೋಚನೆ, ಕಷ್ಟದಲ್ಲಿರುವ ಮನೆಗೆ ದಿನಸಿ, ಕೆಲಸ ಹುಡುಕುವವರಿಗೆ ಮಾರ್ಗದರ್ಶನ ಇವೆಲ್ಲ ಅದರಲ್ಲಿ ಸೇರುತ್ತವೆ. ಇವುಗಳಲ್ಲಿ ಯಾವುದೂ ಕ್ರೈಸ್ತ ಸಂಸ್ಥೆಗಳಿಗೆ ಮಾತ್ರ ಮೀಸಲಾದದ್ದಲ್ಲ. ಸರ್ಕಾರದ ಯೋಜನೆಗಳೂ ಬೇರೆ ಸ್ವಯಂಸೇವಾ ಸಂಸ್ಥೆಗಳೂ ಇವನ್ನು ಒದಗಿಸುತ್ತವೆ, ಕೆಲವು ಸಲ ಹೆಚ್ಚು ಅನುಕೂಲಗಳೊಂದಿಗೆ ಒದಗಿಸುತ್ತವೆ. ಆದ್ದರಿಂದ ತಮ್ಮ ಮಕ್ಕಳನ್ನು ಇಂಥ ಕೇಂದ್ರಕ್ಕೆ ಕಳುಹಿಸಬೇಕೇ ಎಂದು ಯೋಚಿಸುವ ತಂದೆತಾಯಿಗಳು ಈ ಪಟ್ಟಿಯನ್ನು ಬದಿಗಿಟ್ಟು, ಅಲ್ಲಿ ಮಕ್ಕಳ ಜೊತೆಗಿರುವ ದೊಡ್ಡವರು ಯಾರು, ಅವರು ಎಷ್ಟು ಕಾಲದಿಂದ ಅಲ್ಲಿದ್ದಾರೆ, ಮುಂದೆಯೂ ಇರುತ್ತಾರೆಯೇ ಎಂಬುದನ್ನು ಮೊದಲು ನೋಡಬೇಕು. ಈ ಸೇವೆಯ ನಿಜವಾದ ಬೆಲೆ ಆ ಹತ್ತಿರದ ಒಡನಾಟದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅದರ ದೊಡ್ಡ ಅಪಾಯವೂ ಅಲ್ಲಿಯೇ ಇದೆ.

ಒಡನಾಟವನ್ನೇ ಒಂದು ವಿಧಾನವನ್ನಾಗಿ ಮಾಡಿದವರಲ್ಲಿ ಇಟಲಿಯ ಟ್ಯೂರಿನ್ ನಗರದ ಪಾದ್ರಿ ಜಾನ್ ಬಾಸ್ಕೊ, ಅಂದರೆ ಡಾನ್ ಬಾಸ್ಕೊ, ಪ್ರಮುಖರು. 1841ರಲ್ಲಿ ಗುರುದೀಕ್ಷೆ ಪಡೆದ ಅವರು ನಗರದ ಸೆರೆಮನೆಗಳಿಗೆ ಭೇಟಿ ಕೊಡುತ್ತಿದ್ದಾಗ, ಅಲ್ಲಿದ್ದ ಹುಡುಗರಲ್ಲಿ ಅನೇಕರು ಬಿಡುಗಡೆಯಾದ ಸ್ವಲ್ಪ ದಿನಕ್ಕೇ ಮತ್ತೆ ಒಳಗೆ ಬರುವುದನ್ನು ಕಂಡರು. ಹೊರಗೆ ಅವರನ್ನು ವಿಚಾರಿಸಿಕೊಳ್ಳುವವರು ಒಬ್ಬರೂ ಇಲ್ಲದಿರುವುದೇ ಇದಕ್ಕೆ ಕಾರಣವೆಂದು ಅವರಿಗೆ ಮನವರಿಕೆಯಾಯಿತು. ಗಾರೆ ಕೆಲಸ, ಕೂಲಿ ಕೆಲಸ ಹುಡುಕಿಕೊಂಡು ಹಳ್ಳಿಗಳಿಂದ ಬಂದ ಹುಡುಗರನ್ನು ರಜಾದಿನಗಳಲ್ಲಿ ಸೇರಿಸಿ ಆಟ, ಪಾಠ, ಪ್ರಾರ್ಥನೆ ನಡೆಸುತ್ತಿದ್ದ ಅವರ ಕೂಟಕ್ಕೆ 1846ರಲ್ಲಿ ವಾಲ್ದೊಕ್ಕೊ ಎಂಬಲ್ಲಿ ಒಂದು ಸಾಧಾರಣ ಕೊಟ್ಟಿಗೆ ನೆಲೆಯಾಗಿ ಸಿಕ್ಕಿತು. ಅದೇ ವರ್ಷ ಅವರ ತಾಯಿ ಮಾರ್ಗರೀಟಾ ಹಳ್ಳಿಯ ಮನೆಯನ್ನು ಬಿಟ್ಟು ಬಂದು ಆ ಹುಡುಗರ ಆರೈಕೆಗೆ ನಿಂತರು. ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಹುಡುಗರನ್ನು ಕಸುಬು ಕಲಿಯಲು ಸೇರಿಸುವಾಗ ಡಾನ್ ಬಾಸ್ಕೊ ಮಾಡಿಸಿದ ಲಿಖಿತ ಕರಾರುಗಳು. 1852ರಲ್ಲಿ ಬಡಗಿಯೊಬ್ಬನ ಬಳಿ ಹುಡುಗನೊಬ್ಬನನ್ನು ಸೇರಿಸುವಾಗ ಬರೆದ ಕರಾರಿನಲ್ಲಿ, ಹುಡುಗ ತಪ್ಪು ಮಾಡಿದರೆ ಮಾತಿನಿಂದಲೇ ತಿದ್ದಬೇಕು, ಕಸುಬಿಗೆ ಸಂಬಂಧಪಡದ ಕೆಲಸವನ್ನು ಮಾಡಿಸಬಾರದು, ರಜಾದಿನಗಳಲ್ಲಿ ಬಿಡುವು ಕೊಡಬೇಕು ಎಂಬ ಷರತ್ತುಗಳಿದ್ದವು. ಪ್ರೀತಿಯನ್ನು ಮಾತಿಗೆ ಬಿಟ್ಟುಬಿಡದೆ ಕಾಗದದ ಮೇಲೆ ಬರೆಸಿ, ಮಾಲೀಕನಿಂದ ಸಹಿ ಹಾಕಿಸಿಕೊಂಡ ಈ ಜಾಗರೂಕತೆ ಇಂದಿನ ಎಷ್ಟೋ ಕೇಂದ್ರಗಳಲ್ಲಿ ಕಾಣುವುದಿಲ್ಲ.

ವಿವೇಚನೆ, ಧರ್ಮ, ವಾತ್ಸಲ್ಯ ಎಂಬ ಮೂರು ಆಧಾರಗಳ ಮೇಲೆ ನಿಂತ ತಮ್ಮ ಕ್ರಮವನ್ನು ಡಾನ್ ಬಾಸ್ಕೊ 1877ರಲ್ಲಿ ಬರಹಕ್ಕೆ ಇಳಿಸಿದರು. ಶಿಕ್ಷಕನಾದವನು ಪಾಠದ ಕೋಣೆಯಲ್ಲಿ ಮಾತ್ರವಲ್ಲದೆ ಆಟದ ಬಯಲಿನಲ್ಲೂ ಮಕ್ಕಳ ನಡುವೆ ಇರಬೇಕು ಎಂಬುದು ಅದರ ತಿರುಳು. ಒಳ್ಳೆಯ ಕೇಂದ್ರವನ್ನು ಗುರುತಿಸಲು ಇದಕ್ಕಿಂತ ಸರಳವಾದ ಪರೀಕ್ಷೆ ನನಗೆ ತಿಳಿದಿಲ್ಲ. ಸಂಜೆಯ ಹೊತ್ತು ಅಲ್ಲಿಗೆ ಹೋಗಿ ದೊಡ್ಡವರು ಎಲ್ಲಿದ್ದಾರೆ ಎಂದು ನೋಡಿದರೆ ಸಾಕು. ಕಚೇರಿಯಲ್ಲಿ ಕುಳಿತು ಹಾಜರಿ ಪುಸ್ತಕ ತುಂಬಿಸುತ್ತಿದ್ದಾರೆಯೋ, ಮಕ್ಕಳೊಂದಿಗೆ ಓಡಾಡುತ್ತ ಒಬ್ಬೊಬ್ಬರನ್ನೂ ಹೆಸರು ಹಿಡಿದು ಮಾತನಾಡಿಸುತ್ತಿದ್ದಾರೆಯೋ ಎಂಬುದು ಕೂಡಲೇ ಗೊತ್ತಾಗುತ್ತದೆ. ಹದಿನಾಲ್ಕು ವರ್ಷದ ಹುಡುಗನು ಮನೆಯಲ್ಲಿ ನಡೆಯುತ್ತಿರುವ ಜಗಳವನ್ನೋ, ಗೆಳೆಯರು ಹಿಡಿಸಿದ ಚಟವನ್ನೋ ಹೇಳಿಕೊಳ್ಳಲು ಸಮಯ ಗೊತ್ತುಮಾಡಿಕೊಂಡು ಆಪ್ತಸಮಾಲೋಚಕರ ಕೋಣೆಗೆ ಬರುವುದು ಅಪರೂಪ. ಆಟ ಮುಗಿದ ಮೇಲೆ, ಬಲೆ ಸುತ್ತಿಡುವಾಗ, ತಿಂಗಳುಗಟ್ಟಲೆ ಜೊತೆಗಿದ್ದ ಒಬ್ಬರ ಮುಂದೆ ಅವನು ಅರ್ಧ ಮಾತು ಆಡುತ್ತಾನೆ; ಉಳಿದರ್ಧವನ್ನು ಹೇಳಲು ಇನ್ನಷ್ಟು ದಿನ ತೆಗೆದುಕೊಳ್ಳುತ್ತಾನೆ. ಅಷ್ಟರೊಳಗೆ ಆ ವ್ಯಕ್ತಿ ಬದಲಾಗಿ ಹೊಸಬರು ಬಂದರೆ ಎಲ್ಲವೂ ಮೊದಲಿನಿಂದ ಆರಂಭವಾಗಬೇಕು. ನಾನು ಹತ್ತಿರದಿಂದ ಕಂಡ ಒಂದು ಕೇಂದ್ರದಲ್ಲಿ ಕಟ್ಟಡ ಚೆನ್ನಾಗಿತ್ತು, ಆಟದ ಸಾಮಾನುಗಳಿಗೆ ಕೊರತೆ ಇರಲಿಲ್ಲ, ಆದರೆ ಅನುದಾನದ ಅವಧಿ ಮುಗಿದಂತೆಲ್ಲ ಕಾರ್ಯಕರ್ತರು ಬದಲಾಗುತ್ತಿದ್ದರು. ಕ್ರಮೇಣ ದೊಡ್ಡ ಮಕ್ಕಳು ಬರುವುದನ್ನು ನಿಲ್ಲಿಸಿದರು. ಹಣ ಬರುವವರೆಗೆ ಮಾತ್ರ ನಡೆಯುವ ಯೋಜನೆಗೂ ಬಡಾವಣೆಯಲ್ಲೇ ಬೇರು ಬಿಟ್ಟಿರುವ ಚರ್ಚಿನ ಸೇವೆಗೂ ಇರುವ ಅಂತರ ಇದು. ಸ್ವಯಂಸೇವಕರು ಅದೇ ಬಡಾವಣೆಯಲ್ಲಿ ವಾಸಿಸುವವರಾಗಿದ್ದರೆ ಯೋಜನೆ ಮುಗಿದರೂ ಸಂಬಂಧ ಮುಗಿಯುವುದಿಲ್ಲ. ಈ ವಿಷಯದಲ್ಲಿ ಚರ್ಚುಗಳಿಗಿರುವ ಅನುಕೂಲ ದೊಡ್ಡದು, ಅದನ್ನು ಒಪ್ಪಲೇಬೇಕು.

ಆಟದ ವಿಷಯವನ್ನು ಇಲ್ಲಿಯೇ ಹೇಳಬೇಕು. 1844ರ ಜೂನ್ 6ರಂದು ಲಂಡನ್ನಿನಲ್ಲಿ ಬಟ್ಟೆ ಅಂಗಡಿಯ ನೌಕರನಾಗಿದ್ದ ಜಾರ್ಜ್ ವಿಲಿಯಮ್ಸ್ ತನ್ನ ಸಂಗಡಿಗರೊಂದಿಗೆ ಆರಂಭಿಸಿದ ವೈ.ಎಂ.ಸಿ.ಎ. (ಕ್ರೈಸ್ತ ಯುವಕರ ಸಂಘ) ಮೊದಲಿಗೆ ಪ್ರಾರ್ಥನೆ ಮತ್ತು ಬೈಬಲ್ ಅಧ್ಯಯನದ ಕೂಟವಾಗಿತ್ತು. ಆಟವು ಅದರ ಕೆಲಸದ ಕೇಂದ್ರಕ್ಕೆ ಬಂದದ್ದು ನಂತರದಲ್ಲಿ. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ 1891ರ ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ಹದಿಮೂರು ನಿಯಮಗಳೊಂದಿಗೆ ರೂಪಿಸಿದರು. 1895ರಲ್ಲಿ ಹೋಲಿಯೋಕ್‌ನ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ವಾಲಿಬಾಲ್ ಆಟವನ್ನು ರೂಪಿಸಿದರು. ನೈಸ್ಮಿತ್ ದೇವಶಾಸ್ತ್ರ ಓದಿದವರು. ಚೆಂಡನ್ನು ಹಿಡಿದು ಓಡಬಾರದು, ಎದುರಾಳಿಯನ್ನು ತಳ್ಳಬಾರದು, ಎಳೆಯಬಾರದು ಎಂದು ಅವರು ಮಾಡಿದ ನಿಯಮಗಳು ಬಲಪ್ರಯೋಗವನ್ನು ತಗ್ಗಿಸಿ ಕೌಶಲವನ್ನು ಮುಂದೆ ತಂದವು. ಅಂದರೆ ಆಟವೇ ಇಲ್ಲಿ ಶಿಕ್ಷಣವಾಗಿತ್ತು. ಆದರೆ ಇಂದು ಕೆಲವು ಕಡೆ ಆಟವನ್ನು ಗಾಳಕ್ಕೆ ಸಿಕ್ಕಿಸಿದ ಎರೆಯಂತೆ ಬಳಸುವುದನ್ನು ಕಾಣುತ್ತೇವೆ. ಅರ್ಧ ಗಂಟೆ ಚೆಂಡು ಕೊಟ್ಟು ಆಮೇಲೆ ಬಾಗಿಲು ಹಾಕಿ ಪ್ರವಚನ ಕೇಳಿಸುವುದನ್ನು ಯುವಜನ ಸೇವೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಮಕ್ಕಳು ಇದನ್ನು ಬಹಳ ಬೇಗ ಅರ್ಥಮಾಡಿಕೊಳ್ಳುತ್ತಾರೆ, ಮತ್ತು ಒಮ್ಮೆ ಅರ್ಥವಾದ ಮೇಲೆ ಅಲ್ಲಿಯ ದೊಡ್ಡವರ ಯಾವ ಮಾತನ್ನೂ ಪೂರ್ತಿ ನಂಬುವುದಿಲ್ಲ.

ಕುಟುಂಬಗಳಿಗೆ ಕೊಡುವ ಬೆಂಬಲವೇ ಈ ಸೇವೆಯಲ್ಲಿ ಹೆಚ್ಚು ಏರುಪೇರಾಗಿರುವ ಭಾಗ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಮ್ ಮತ್ತು ಗೆಳೆಯರು ಸೇರಿ ಕಟ್ಟಿದ, ಮುಂದೆ ಸಂತ ವಿನ್ಸೆಂಟ್ ದ ಪಾಲ್ ಸಂಘವೆಂದು ಹೆಸರಾದ ಬಳಗವು ಬಡವರನ್ನು ಕರೆಸಿಕೊಂಡು ಹಂಚುವ ಬದಲು ಅವರ ಮನೆಗಳಿಗೇ ಹೋಗುವ ಪದ್ಧತಿಯನ್ನು ಹಿಡಿಯಿತು. ಆ ಕೇರಿಗಳನ್ನು ಚೆನ್ನಾಗಿ ಬಲ್ಲ ರೊಸಾಲಿ ರೆಂದು ಎಂಬ ಕ್ರೈಸ್ತ ಸನ್ಯಾಸಿನಿ ಈ ಬಳಗಕ್ಕೆ ದಾರಿ ತೋರಿಸಿದರು. ಸರದಿಯಲ್ಲಿ ನಿಂತು ಕೈಚಾಚುವ ಸಂಕೋಚದಿಂದ ಕುಟುಂಬವನ್ನು ಉಳಿಸುವ ಈ ಪದ್ಧತಿಗೆ ಇಂದಿಗೂ ಬೆಲೆಯಿದೆ. ಮನೆಯೊಳಗೆ ಕಾಲಿಟ್ಟವರಿಗೆ ಕೇಂದ್ರದಲ್ಲಿ ಕುಳಿತವರಿಗೆ ಕಾಣದ್ದು ಕಾಣುತ್ತದೆ: ಓದಲು ಜಾಗವಿಲ್ಲದ ಒಂಟಿ ಕೋಣೆ, ತಮ್ಮತಂಗಿಯರನ್ನು ನೋಡಿಕೊಳ್ಳಲು ಶಾಲೆ ತಪ್ಪಿಸುವ ಹಿರಿಯ ಮಗಳು, ಕೆಲಸ ಕಳೆದುಕೊಂಡದ್ದನ್ನು ಯಾರಿಗೂ ಹೇಳದ ತಂದೆ. ಆದರೆ ಕಂಡ ಮೇಲೆ ಏನು ಮಾಡುತ್ತಾರೆ ಎಂಬಲ್ಲಿ ಕೇಂದ್ರಗಳ ಗುಣಮಟ್ಟ ತೀರ ಬೇರೆಬೇರೆಯಾಗಿದೆ. ಕುಡಿತ, ಹೊಡೆತ, ಖಿನ್ನತೆ ಇವುಗಳನ್ನು ಎದುರಿಸಲು ಒಳ್ಳೆಯ ಮನಸ್ಸೊಂದೇ ಸಾಲದು. ವೈದ್ಯರು, ವಕೀಲರು, ತರಬೇತಿ ಪಡೆದ ಸಮಾಜಕಾರ್ಯಕರ್ತರು ಇವರೊಂದಿಗೆ ಕೇಂದ್ರಕ್ಕೆ ನಿಯಮಿತ ಸಂಪರ್ಕವಿರಬೇಕು. ಗಂಡನ ಹೊಡೆತವನ್ನು ಹೇಳಿಕೊಳ್ಳಲು ಬಂದ ಮಹಿಳೆಗೆ ತಾಳ್ಮೆಯನ್ನೂ ಕ್ಷಮೆಯನ್ನೂ ಮಾತ್ರ ಬೋಧಿಸಿ ಮನೆಗೆ ಕಳುಹಿಸುವ ಕಡೆ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿರಲಿ, ಆ ಸೇವೆಯನ್ನು ನಾನು ಶಿಫಾರಸು ಮಾಡುವುದಿಲ್ಲ. ನೊಂದವರಿಗೆ ಪ್ರಾರ್ಥನೆ ಬಲ ಕೊಡಬಹುದು, ನಿಜ. ಚಿಕಿತ್ಸೆಯ ಮತ್ತು ಕಾನೂನಿನ ನೆರವಿನ ಸ್ಥಾನವನ್ನು ಅದಕ್ಕೆ ಕೊಡಬಾರದು.

ಕೇಂದ್ರದ ಬಾಗಿಲಿಗೆ ಎಂದೂ ಬಾರದ ಯುವಕರ ಪ್ರಶ್ನೆ ಇನ್ನೂ ಕಠಿಣವಾದದ್ದು. ಅಮೆರಿಕದ ಬಾಸ್ಟನ್ ನಗರದಲ್ಲಿ ಬೀದಿ ಗ್ಯಾಂಗುಗಳ ಹಿಂಸೆ ಮಿತಿಮೀರಿದ್ದ ಕಾಲದಲ್ಲಿ, 1992ರಲ್ಲಿ ಚರ್ಚೊಂದರಲ್ಲಿ ಅಂತ್ಯಸಂಸ್ಕಾರದ ಆರಾಧನೆ ನಡೆಯುತ್ತಿದ್ದಾಗಲೇ ಯುವಕನೊಬ್ಬನ ಮೇಲೆ ದಾಳಿ ನಡೆಯಿತು. ಹಿಂಸೆ ಚರ್ಚಿನ ಒಳಗೇ ಬಂದಾಗ ಯೂಜೀನ್ ರಿವರ್ಸ್, ಜೆಫ್ರಿ ಬ್ರೌನ್, ರೇ ಹ್ಯಾಮಂಡ್ ಮೊದಲಾದ ಪಾಸ್ಟರುಗಳು ಟೆನ್‌ಪಾಯಿಂಟ್ ಒಕ್ಕೂಟವನ್ನು ಕಟ್ಟಿದರು. ರಾತ್ರಿಯ ಹೊತ್ತು ಬೀದಿಗಳಲ್ಲಿ ನಡೆದು ಯುವಕರ ಮಾತನ್ನು ಕೇಳುವುದು ಅವರ ಕೆಲಸದ ಭಾಗವಾಯಿತು. 1996ರಲ್ಲಿ ಪೊಲೀಸರು ಮತ್ತು ಇತರ ಸಂಸ್ಥೆಗಳು ಸೇರಿ ಜಾರಿಗೆ ತಂದ ಕ್ರಮಗಳ ನಂತರ ಅಲ್ಲಿ ಯುವಜನರ ಕೊಲೆಗಳು ಗಣನೀಯವಾಗಿ ಇಳಿದವು. ಅದರ ಶ್ರೇಯಸ್ಸನ್ನು ಪಾಸ್ಟರುಗಳಿಗೇ ಕಟ್ಟಿಬಿಡುವುದು ಸರಿಯಲ್ಲ, ಏಕೆಂದರೆ ಹಲವರ ಕೆಲಸ ಅಲ್ಲಿ ಕೂಡಿಬಂದಿತ್ತು. ಆದರೂ ಪೊಲೀಸರನ್ನು ನಂಬದ ಮನೆಗಳಿಗೂ ಪೊಲೀಸರಿಗೂ ನಡುವೆ ನಿಂತು ಇಬ್ಬರನ್ನೂ ಪ್ರಶ್ನಿಸಬಲ್ಲವರಾಗಿ ಅವರು ಇದ್ದರು. ರಾತ್ರಿ ಬೀದಿಗಿಳಿಯುವ ಇಂಥ ಸೇವೆಯನ್ನು ಎಲ್ಲ ಚರ್ಚುಗಳಿಂದ ನಿರೀಕ್ಷಿಸಲಾಗದು. ಯುವಕರು ಚರ್ಚಿಗೆ ಬರಲಿ ಎಂದು ಕಾಯುವ ಚರ್ಚು ತನ್ನ ಬಡಾವಣೆಯ ಅತಿ ಕಷ್ಟದಲ್ಲಿರುವ ಯುವಕನನ್ನು ಕಾಣುವುದಿಲ್ಲ ಎಂಬುದನ್ನಾದರೂ ಅರಿತಿರಬೇಕು.

ಅನ್ಯಧರ್ಮದ ಕುಟುಂಬಗಳು ಮೊದಲು ಕೇಳುವ ಪ್ರಶ್ನೆ ಮತಾಂತರದ್ದು. ಆ ಪ್ರಶ್ನೆ ನ್ಯಾಯವಾದದ್ದೇ, ಕೇಳಲು ಹಿಂಜರಿಯಬೇಕಾಗಿಲ್ಲ. ರೆಡ್ ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು ವಿಪತ್ತು ಪರಿಹಾರಕ್ಕಾಗಿ 1994ರಲ್ಲಿ ರೂಪಿಸಿದ ನೀತಿಸಂಹಿತೆಯು ನೆರವನ್ನು ರಾಜಕೀಯ ಅಥವಾ ಧಾರ್ಮಿಕ ನಿಲುವನ್ನು ಮುಂದುಮಾಡಲು ಬಳಸಬಾರದು ಎನ್ನುತ್ತದೆ. 2011ರಲ್ಲಿ ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದ ಪರಿಷತ್ತು, ಚರ್ಚುಗಳ ವಿಶ್ವ ಮಂಡಳಿ ಮತ್ತು ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಸೇರಿ ಪ್ರಕಟಿಸಿದ ದಾಖಲೆಯೂ ಬಡತನ ಮತ್ತು ಅಗತ್ಯವನ್ನು ಸಾಕ್ಷಿ ನೀಡುವ, ಅಂದರೆ ತಮ್ಮ ನಂಬಿಕೆಯನ್ನು ಇತರರಿಗೆ ಸಾರುವ, ನೆಪದಲ್ಲಿ ದುರುಪಯೋಗಪಡಿಸಿಕೊಳ್ಳುವುದನ್ನು, ಆಮಿಷ ಒಡ್ಡುವುದನ್ನು ತಿರಸ್ಕರಿಸುತ್ತದೆ. ಹೀಗಾಗಿ ಕುಟುಂಬವೊಂದು ಈ ಭರವಸೆಯನ್ನು ಕೇಳಿದರೆ ಅದು ಕ್ರೈಸ್ತರೇ ಒಪ್ಪಿದ ಮಾತನ್ನು ನೆನಪಿಸಿದಂತೆ ಆಗುತ್ತದೆ, ಅಷ್ಟೆ. ನನ್ನ ಮಟ್ಟಿಗೆ, ಗೋಡೆಯ ಮೇಲೆ ಶಿಲುಬೆಯನ್ನಿಟ್ಟು, ತಮ್ಮ ನಂಬಿಕೆಯನ್ನು ಮುಚ್ಚಿಡದೆ, ಪ್ರಾರ್ಥನೆಯ ಸಮಯವನ್ನು ಫಲಕದಲ್ಲಿ ಬರೆದು, ಅದಕ್ಕೆ ಬರದ ಮಗುವಿಗೂ ಪಾಠದಲ್ಲಿ, ತಂಡದಲ್ಲಿ, ಪ್ರವಾಸದಲ್ಲಿ ಒಂದಿನಿತೂ ವ್ಯತ್ಯಾಸ ಮಾಡದ ಕೇಂದ್ರವೇ ಉತ್ತಮವಾದದ್ದು. ತಾವು ಯಾರೆಂದು ಹೇಳಿಕೊಳ್ಳದೆ ಸಾಮಾನ್ಯ ಟ್ಯೂಷನ್ ಎಂಬ ಫಲಕ ಹಾಕುವವರಿಗಿಂತ ಇಂಥವರ ಬಳಿ ಮಗುವನ್ನು ಕಳುಹಿಸುವುದು ಎಷ್ಟೋ ಮೇಲು.

ಇನ್ನು ಸುರಕ್ಷತೆಯ ವಿಷಯ. ಇದರಲ್ಲಿ ರಿಯಾಯಿತಿ ಕೊಡಲು ಸಾಧ್ಯವೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಸರ್ಕಾರ ನೇಮಿಸಿದ್ದ ವಿಚಾರಣಾ ಆಯೋಗವಾದ ರಾಯಲ್ ಕಮಿಷನ್ 2017ರಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಸ್ವತಂತ್ರ ವಿಚಾರಣಾ ಆಯೋಗ 2022ರಲ್ಲಿ ಸಲ್ಲಿಸಿದ ಅಂತಿಮ ವರದಿಗಳು, ಚರ್ಚುಗಳೂ ಸೇರಿದಂತೆ ಅನೇಕ ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದನ್ನೂ ಸಂಸ್ಥೆಯ ಹೆಸರು ಉಳಿಸಲು ದೂರುಗಳನ್ನು ಅದುಮಿದ್ದನ್ನೂ ವಿವರವಾಗಿ ದಾಖಲಿಸಿವೆ. ಆಸ್ಟ್ರೇಲಿಯಾದ ಆಯೋಗವು 8,000ಕ್ಕೂ ಹೆಚ್ಚು ನೊಂದವರ ಮಾತನ್ನು ಖಾಸಗಿಯಾಗಿ ಆಲಿಸಿತು. ಡಾನ್ ಬಾಸ್ಕೊ ಸ್ಥಾಪಿಸಿದ ಧಾರ್ಮಿಕ ಸಭೆಯ ಸದಸ್ಯರ ಮೇಲಿನ ಆರೋಪಗಳೂ ಅದರ ಮುಂದೆ ಬಂದವು. ನಾನು ಮೇಲೆ ಹೊಗಳಿದ ಒಡನಾಟವನ್ನೇ ದುಷ್ಟರು ಬಳಸಿಕೊಂಡರು ಎಂಬುದು ನೋವಿನ ಸಂಗತಿ. ಆದ್ದರಿಂದ ಮಗುವಿನೊಂದಿಗೆ ಒಬ್ಬರೇ ದೊಡ್ಡವರು ಮುಚ್ಚಿದ ಕೋಣೆಯಲ್ಲಿ ಇರದಂತೆ ನಿಯಮವಿದೆಯೇ, ಸ್ವಯಂಸೇವಕರ ಹಿನ್ನೆಲೆಯನ್ನು ಪರಿಶೀಲಿಸುತ್ತಾರೆಯೇ, ಮಕ್ಕಳಿಗೆ ಖಾಸಗಿಯಾಗಿ ಮೊಬೈಲ್ ಸಂದೇಶ ಕಳುಹಿಸುವುದನ್ನು ನಿಷೇಧಿಸಿದ್ದಾರೆಯೇ, ದೂರು ಕೊಡಬೇಕಾದರೆ ಆ ಚರ್ಚಿಗೆ ಸೇರದ ಒಬ್ಬರ ಹೆಸರೂ ದೂರವಾಣಿ ಸಂಖ್ಯೆಯೂ ಫಲಕದಲ್ಲಿವೆಯೇ ಎಂದು ಪೋಷಕರು ನೇರವಾಗಿ ಕೇಳಬೇಕು. ನಮ್ಮ ಪಾದ್ರಿಗಳು ಅಂಥವರಲ್ಲ ಎಂಬ ಉತ್ತರ ಬಂದರೆ ಅದನ್ನು ಉತ್ತರವೆಂದು ಪರಿಗಣಿಸಬಾರದು. ಈ ನಿಯಮಗಳಿಂದ ಪ್ರೀತಿ ತಣ್ಣಗಾಗುತ್ತದೆ ಎಂದು ಕೆಲವು ಹಿರಿಯ ಕಾರ್ಯಕರ್ತರು ಬೇಸರಿಸುವುದುಂಟು. ಬಡಗಿಯಿಂದ ಕರಾರಿಗೆ ಸಹಿ ಹಾಕಿಸಿಕೊಂಡಾಗ ಟ್ಯೂರಿನ್ನಿನ ಹುಡುಗನ ಮೇಲಿನ ಪ್ರೀತಿ ಕಡಿಮೆಯಾಗಿರಲಿಲ್ಲ.

ಎರಡು ಕೊರತೆಗಳನ್ನು ಒಳ್ಳೆಯ ಕೇಂದ್ರಗಳಲ್ಲೂ ಕಂಡಿದ್ದೇನೆ. ಸಂಜೆಯ ಸಮಯ ಮತ್ತು ಬಯಲಾಟಗಳೇ ಮುಖ್ಯವಾಗಿರುವುದರಿಂದ ಹದಿಹರೆಯದ ಹುಡುಗಿಯರು ಮೆಲ್ಲಗೆ ಹಿಂದೆ ಸರಿಯುತ್ತಾರೆ. ಅವರಿಗೆ ಅನುಕೂಲವಾದ ಹೊತ್ತನ್ನೂ, ಜೊತೆಗಿರಲು ಮಹಿಳಾ ಕಾರ್ಯಕರ್ತರನ್ನೂ ಗೊತ್ತುಮಾಡಿದ ಕಡೆ ಮಾತ್ರ ಅವರ ಸಂಖ್ಯೆ ಉಳಿಯುತ್ತದೆ. ಇನ್ನೊಂದು, ಹದಿನೆಂಟು ತುಂಬಿದ ಕೂಡಲೇ ಸೇವೆ ನಿಂತುಹೋಗುವುದು. ಕೆಲಸ, ಬಾಡಿಗೆ, ಸಾಲ, ಮದುವೆ ಇವುಗಳ ಪ್ರಶ್ನೆಗಳು ಎದುರಾಗುವ ವಯಸ್ಸಿನಲ್ಲೇ ಕೇಂದ್ರದ ಬಾಗಿಲು ಮುಚ್ಚಿದರೆ ಅಷ್ಟು ವರ್ಷಗಳ ಒಡನಾಟ ಅರ್ಧಕ್ಕೆ ನಿಲ್ಲುತ್ತದೆ. ಮಗುವನ್ನು ಸೇರಿಸುವ ದಿನವೇ ಈ ಎರಡರ ಬಗ್ಗೆಯೂ ವಿಚಾರಿಸುವುದು ಒಳಿತು. ಅಲ್ಲಿಯೇ ಬೆಳೆದು, ಈಗ ದುಡಿಯುತ್ತಿರುವ ಯುವಕನನ್ನೋ ಯುವತಿಯನ್ನೋ ಭೇಟಿ ಮಾಡಿಸುವಂತೆ ಕೇಳಿದರೆ, ಕೇಂದ್ರದವರ ವಿವರಣೆಗಿಂತ ಹೆಚ್ಚಿನದು ಅವರ ಬಾಯಿಂದ ತಿಳಿಯುತ್ತದೆ.